ಮುಚ್ಚಳ ತೆಗೆಯದ ಸೀಸೆ

ಮಾರ್ಚ್ ೯, ಸೋಮವಾರ

ವಾಸನೆ: ಏನೂ ಇಲ್ಲ.

ದಿನಕ್ಕೆ ಇಷ್ಟು ಬರೆದರೆ ಸಾಕು ಎಂದು ಕಿವಿ-ಮೂಗಿನ ಡಾಕ್ಟರು ಹೇಳಿದ್ದಾರೆ. ಜ್ವರದ ಜೊತೆ ಹೊರಟುಹೋದ ವಾಸನೆ ವಾಪಸು ಬಂದರೂ ಬರಬಹುದು, ಬಾರದೆಯೂ ಇರಬಹುದು, ಬಂದ ದಿನ ಯಾವುದೆಂದು ಗೊತ್ತಿರಲಿ, ಬರೆದಿಡಿ ಎಂದರು. ಬಂದರೆ ನನಗೆ ಗೊತ್ತಾಗುವುದಿಲ್ಲವೇ? ತಪ್ಪಿಸಿಕೊಂಡ ಹಸು ಮನೆಗೆ ಬಂದರೆ ಪುಸ್ತಕ ತೆಗೆದು ನೋಡಿ ತಿಳಿದುಕೊಳ್ಳಬೇಕೇ? ಆದರೂ ಡಾಕ್ಟರ ಮಾತು, ಬರೆಯುತ್ತೇನೆ. ಒಂದು ಸಾಲಿಗೆ ನಿಲ್ಲಿಸುವುದು ನನ್ನ ಜಾಯಮಾನವಲ್ಲ, ಹಾಗಾಗಿ ಮಿಕ್ಕದ್ದನ್ನೂ ಬರೆಯುತ್ತೇನೆ. ಯಾರೂ ಓದುವುದಿಲ್ಲ ಎನ್ನುವುದೇ ಇದರ ಸುಖ.

ನರ್ಸುಗಳ ಹಾಸ್ಟೆಲ್ಲಿನ ಅಡುಗೆಮನೆಯನ್ನು ಇಷ್ಟು ವರ್ಷ ನಾನು ನಡೆಸಿದ್ದು ಕೈಯಿಂದಲ್ಲ, ಮೂಗಿನಿಂದ. ಅಲ್ಲಿ ನನ್ನದು ಒಂದೇ ಕಾನೂನು: ಚಮಚ ಯಾರ ಬಾಯಿಗೂ ಹೋಗುವ ಹಾಗಿಲ್ಲ. ಹತ್ತು ಪಾತ್ರೆಯ ರುಚಿ ನೋಡಿದ ನಾಲಿಗೆ ಸುಳ್ಳು ಹೇಳಲು ಶುರುಮಾಡುತ್ತದೆ, ಮೂಗು ಹೇಳುವುದಿಲ್ಲ ಎಂದು ಪಾಠ ಮಾಡಿದವಳು ನಾನೇ. ಬೆಳ್ಳುಳ್ಳಿಯ ಹಸಿ ವಾಸನೆ ಹೋಯಿತೇ, ಬೇಳೆ ಹದಕ್ಕೆ ಬಂತೇ, ನಿನ್ನೆಯ ಮೀನು ಇವತ್ತು ನಡೆಯುತ್ತದೆಯೇ, ಯಾವುದಕ್ಕೇ ಆಗಲಿ ನಾನು ಪಾತ್ರೆಯ ಮೇಲೆ ಒಮ್ಮೆ ಬಗ್ಗಿದರೆ ತೀರ್ಮಾನವಾದಂತೆ. ಹುಡುಗಿಯರು ಬೆನ್ನ ಹಿಂದೆ ನನ್ನನ್ನು 'ಮೂಗಿನ ಮೇಡಂ' ಎನ್ನುತ್ತಾರೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ಗೊತ್ತಿದೆ, ಒಳಗೊಳಗೇ ಹಿಗ್ಗಿದ್ದೇನೆ ಕೂಡ.

ಹೋದ ವಾರ ಆ ಹಿಗ್ಗು ಇಳಿಯಿತು. ಬೆಳಗಿನ ಗಂಜಿ ತಳ ಹಿಡಿಯಿತು. ನಾನು ಒಲೆಯ ಪಕ್ಕದಲ್ಲೇ ನಿಂತಿದ್ದೆ, ಎಂದಿನಂತೆ ಬಗ್ಗಿದೆ, ಎಂದಿನಂತೆ ತಲೆಯಾಡಿಸಿ "ಇಳಿಸಿ" ಎಂದೆ. ಹುಡುಗಿಯರು ತಟ್ಟೆ ಖಾಲಿ ಮಾಡಿ ಡ್ಯೂಟಿಗೆ ಹೋದರು, ಒಬ್ಬಳೂ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲೆ ಪಾತ್ರೆಯ ತಳದಲ್ಲಿ ಬೆರಳು ದಪ್ಪದ ಕಪ್ಪು ಸೀಕು ಕಂಡಿತು. ಇವತ್ತು ಗಂಜಿ, ನಾಳೆ ಕೆಟ್ಟ ಮೀನು. ಆಸ್ಪತ್ರೆಯ ನರ್ಸುಗಳನ್ನೇ ಆಸ್ಪತ್ರೆಗೆ ಸೇರಿಸಿದ ಕೀರ್ತಿ ನನಗೆ ಬೇಡ.

ವಾರ್ಡನ್ ಹತ್ತಿರ ಕೆಲಸ ಬಿಡುತ್ತೇನೆ ಎಂದೆ. ಕಾರಣ ಹೇಳಲಿಲ್ಲ. "ರಜೆ ಮುಗಿಸ್ಕೊಂಡು ಬನ್ನಿ, ಆಗ್ಲೂ ಇದೇ ಮಾತು ಹೇಳಿದ್ರೆ ಒಪ್ಕೋತೀನಿ" ಎಂದರು. ರಜೆ ಎಂದರೆ ತಂಗಿಯ ಜೊತೆ ದೊಡ್ಡ ಊರು ನೋಡುವುದು. ಊಟ, ಸಂಗೀತ, ಅಂಗಡಿ ಎಂದು ಅವಳು ಯಾವತ್ತೋ ಟಿಕೆಟ್ ಮಾಡಿಸಿಟ್ಟಿದ್ದಳು. ಅವಳಿಗೂ ವಿಷಯ ಹೇಳಿಲ್ಲ. ಹೇಳಿದರೆ ಊರಿಗೆಲ್ಲಾ ಡಂಗುರ.

ಮಾರ್ಚ್ ೧೧, ಬುಧವಾರ

ವಾಸನೆ: ಏನೂ ಇಲ್ಲ.

ಬೀಗದ ಕೈಯನ್ನು ಗಡಿಬಿಡಿಗೆ ಕೊಟ್ಟೆ. ಅವಳು ನನ್ನ ಸಹಾಯಕಿ, ನಡೆಯಬೇಕಾದ ಕಡೆ ಓಡುವವಳು, ಅದಕ್ಕೇ ಆ ಹೆಸರು. "ನೀವಿಲ್ದೆ ಇಳಿಸೋದು ಯಾವಾಗ ಅಂತ ಹೇಗೆ ಗೊತ್ತಾಗುತ್ತೆ ಅಮ್ಮಾ?" ಎಂದಳು. "ಮೂಸು" ಎಂದೆ.

ಮಾರ್ಚ್ ೧೨, ಗುರುವಾರ

ವಾಸನೆ: ಏನೂ ಇಲ್ಲ. ಆದರೆ ತಂಗಿಗೆ "ಆಹಾ" ಎಂದೆ. ಅದನ್ನೂ ಬರೆಯಬೇಕೇನೋ.

ನಾವು ಇಳಿದುಕೊಂಡ ಕೋಣೆ ಒಂದು ಬ್ರೆಡ್ಡಿನ ಬೇಕರಿಯ ಮೇಲಿದೆ. ತಂಗಿ ಚೀಲ ಇಡುವ ಮೊದಲೇ ಕಿಟಕಿ ತೆರೆದು, "ಅಕ್ಕಾ, ಬಾ ಇಲ್ಲಿ, ಏನು ಘಮ ನೋಡು!" ಎಂದು ಕುಣಿದಳು. ಹೋಗಿ ನಿಂತೆ. ಬೆಚ್ಚನೆಯ ಗಾಳಿ ಮುಖಕ್ಕೆ ಬಡಿಯಿತು, ಅಷ್ಟೆ. "ಆಹಾ" ಎಂದೆ. ಅವಳಿಗೆ ಅಷ್ಟೇ ಸಾಕು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು, ಬಂದವರ ಮೂಗಿನ ಮೇಲೆ ಫ್ರೇಮು ಕೂರಿಸಿ "ಇದು ನಿಮಗೇ ಮಾಡಿಸಿದ ಹಾಗಿದೆ" ಎನ್ನುವವಳು. ಎದುರಿನವರು ಹೂಂ ಎಂದರೆ ನಂಬಿಬಿಡುತ್ತಾಳೆ.

ಸಂಜೆ ಬೀದಿಗಿಳಿದೆವು. ಮುಖ ಗಂಟಿಕ್ಕಿಕೊಂಡೇ ಹೋಗಬೇಕೆಂದು ಹೊರಟವಳು ನಾನು. ಆಗಲಿಲ್ಲ. ಇಷ್ಟು ಬೆಳಕು, ಇಷ್ಟು ಜನ, ಇಷ್ಟು ಅಂಗಡಿಗಳನ್ನು ಒಟ್ಟಿಗೆ ನಾನು ಕಂಡದ್ದೇ ಇಲ್ಲ. ಒಂದು ಅಂಗಡಿಯಲ್ಲಿ ಬರೀ ಗುಂಡಿಗಳು. ಅಂಗಿಯ ಗುಂಡಿ! ನೆಲದಿಂದ ಸೂರಿನವರೆಗೆ ಪುಟ್ಟ ಪುಟ್ಟ ಡ್ರಾಯರುಗಳು, ಪ್ರತಿಯೊಂದರ ಮುಂದೆ ಒಳಗಿರುವುದರ ಒಂದು ಗುಂಡಿ ಅಂಟಿಸಿದ್ದಾರೆ, ಮಾಲೀಕ ಏಣಿಯ ಮೇಲೆ ನಿಂತುಕೊಂಡೇ ವ್ಯಾಪಾರ ಮಾಡುತ್ತಾನೆ. ತನ್ನ ಕೋಟಿನಲ್ಲಿ ಕಳೆದುಹೋದ ಒಂದು ಗುಂಡಿಗೆ ಜೋಡಿ ಹುಡುಕುತ್ತಿದ್ದ ಒಬ್ಬ ಮುದುಕ, ಅದು ಸಿಕ್ಕಿದಾಗ, "ಸಿಕ್ತು!" ಎಂದು ಕೂಗಿದ. ಅಂಗಡಿಯಲ್ಲಿದ್ದವರೆಲ್ಲಾ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಒಂದು ಗುಂಡಿಗಾಗಿ ಇಷ್ಟು ಖುಷಿ ಪಡುವ ಊರು ಇದು!

ತಿಂಡಿ ಬೀದಿಯಲ್ಲಿ ಮಾತ್ರ ನನ್ನ ಕಾಲು ಎಳೆಯಿತು. ತಂಗಿ ಏನೇನೋ ಕೊಡಿಸಿದಳು. ಬಿಸಿ ಗೊತ್ತಾಯಿತು, ಉಪ್ಪು ಗೊತ್ತಾಯಿತು, ಮಿಕ್ಕದ್ದು ಒದ್ದೆ ಬಟ್ಟೆ ಅಗಿದಂತೆ. ಅವಳು ಕಣ್ಣು ಮುಚ್ಚಿ ತಿನ್ನುವುದನ್ನು ನೋಡಿ ಹೊಟ್ಟೆ ಉರಿಯಿತು. ಒಡಹುಟ್ಟಿದವಳ ಮೇಲೆ ಇಂಥ ವಿಷಯಕ್ಕೆ ಹೊಟ್ಟೆಕಿಚ್ಚು ಪಡಬೇಕಾದ ಕಾಲವೂ ಬಂತು.

ಮಾರ್ಚ್ ೧೩, ಶುಕ್ರವಾರ

ವಾಸನೆ: ಆ ಮಾತು ಇವತ್ತು ಬೇಡ.

ತಂಗಿಗೆ ಗೊತ್ತಾಯಿತು. ತಲೆನೋವು.

ಮಾರ್ಚ್ ೧೪, ಶನಿವಾರ, ಬೆಳಿಗ್ಗೆ

ತಂಗಿ ಇನ್ನೂ ಎದ್ದಿಲ್ಲ. ಕೆಳಗೆ ಬೇಕರಿಯವರು ತಟ್ಟೆಗಳನ್ನು ಜೋಡಿಸುವ ಸದ್ದು. ನಿನ್ನೆಯದನ್ನು ಬರೆದು ಮುಗಿಸುತ್ತೇನೆ, ಇಲ್ಲದಿದ್ದರೆ ಹೊಟ್ಟೆಯಲ್ಲೇ ಉಳಿಯುತ್ತದೆ.

ಸುಗಂಧದ ಅಂಗಡಿಗೆ ಅವಳೇ ಎಳೆದುಕೊಂಡು ಹೋದಳು. ಅಂಗಡಿ ಎಂದರೆ ಗಾಜಿನ ಗುಹೆ. ಗೋಡೆಯ ತುಂಬ ಸೀಸೆಗಳು, ಒಂದೊಂದರ ಒಳಗೂ ಒಂದೊಂದು ಬಣ್ಣ, ಬಿಸಿಲು ಬಿದ್ದು ನೆಲದ ಮೇಲೆಲ್ಲಾ ಕೆಂಪು ಹಳದಿ ಚುಕ್ಕಿಗಳು. ನಾನು ಬಣ್ಣ ನೋಡುತ್ತಾ ಮೈಮರೆತಿದ್ದೆ. ಅಷ್ಟರಲ್ಲಿ ತಂಗಿ ಅಂಗಡಿಯಾಕೆಗೆ, "ನಮ್ಮಕ್ಕನ ಮೂಗು ಸಾಮಾನ್ಯದ್ದಲ್ಲ, ಏನು ಬೇಕಾದ್ರೂ ಕೊಡಿ, ಒಳಗೆ ಏನೇನಿದೆ ಅಂತ ಹೇಳ್ತಾಳೆ" ಎಂದು ಜಂಬ ಕೊಚ್ಚಿಬಿಟ್ಟಿದ್ದಳು. ಆಕೆ ನಗುತ್ತಾ ಒಂದು ಸಣ್ಣ ಸೀಸೆಯನ್ನು ನನ್ನ ಕೈಗಿತ್ತಳು.

ಏನು ಮಾಡಲಿ? ಗಂಜಿಯ ಪಾತ್ರೆಯ ಮೇಲೆ ಬಗ್ಗಿದಂತೆಯೇ ಬಗ್ಗಿದೆ. ಕಣ್ಣು ಮುಚ್ಚಿದೆ. ಉಸಿರನ್ನು ನಿಧಾನವಾಗಿ ಒಳಗೆಳೆದುಕೊಂಡೆ. "ಗುಲಾಬಿ" ಎಂದೆ. ಅಷ್ಟಕ್ಕೆ ಸುಮ್ಮನಿರಬಾರದೇ? "ಜೊತೆಗೆ ಸ್ವಲ್ಪ ನಿಂಬೆ ಸಿಪ್ಪೆ" ಎಂದೂ ಸೇರಿಸಿದೆ.

ಅಂಗಡಿಯಾಕೆ ಬಹಳ ಮರ್ಯಾದೆಯಿಂದ ಹೇಳಿದಳು, "ಅಮ್ಮಾ, ಮುಚ್ಚಳ ಇನ್ನೂ ತೆಗೆದಿಲ್ಲ."

ಮುಚ್ಚಳವೂ ಗಾಜಿನದೇ. ಸೀಸೆಯಷ್ಟೇ ತಿಳಿ, ಇದೆ ಎಂದು ಕಣ್ಣಿಗೇ ಕಾಣುವುದಿಲ್ಲ. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮುಚ್ಚಿದ ಸೀಸೆಯಲ್ಲೇ ನಿಂಬೆ ಸಿಪ್ಪೆ ಕಂಡುಹಿಡಿದ್ಲಲ್ಲಾ ನಮ್ಮಕ್ಕ!" ಅಂಗಡಿಯಾಕೆಯೂ ನಕ್ಕು, ಮುಚ್ಚಳ ತೆಗೆದು, "ಈಗ ನೋಡಿ" ಎಂದು ಮತ್ತೆ ಕೊಟ್ಟಳು. ಸೀಸೆ ಹಿಡಿದುಕೊಂಡು ನಿಂತೆ. ಗುಲಾಬಿಯೋ, ಸೋಪೋ, ಸೀಮೆಎಣ್ಣೆಯೋ. ಸೀಸೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ತಂಗಿಯ ನಗು ಅರ್ಧಕ್ಕೆ ನಿಂತಿತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಹೊರಗೆ ಬಂದು ಯಾರದೋ ಮನೆಯ ಮೆಟ್ಟಿಲ ಮೇಲೆ ಕೂತೆವು.

"ಯಾವಾಗಿಂದ?"

"ಜ್ವರ ಬಂದಾಗಿಂದ."

"ಪೂರ್ತಿನಾ?"

"ಪೂರ್ತಿ. ಕೆಲಸ ಬಿಡ್ತೀನಿ ಅಂತ ವಾರ್ಡನ್‌ಗೂ ಹೇಳಿದೀನಿ."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ವಾಪಸ್ ಬರುತ್ತಾ?"

ಅವಳು ಅಳಲು ಶುರುಮಾಡಿದಳು. "ದಿನವಿಡೀ ಜನರ ಮೂಗು ನೋಡೋ ಕೆಲಸ ನಂದು. ನನ್ನ ಸ್ವಂತ ಅಕ್ಕನ ಮೂಗಿಗೆ ಏನಾಗಿದೆ ಅಂತ ನಂಗೇ ಗೊತ್ತಾಗ್ಲಿಲ್ವಲ್ಲೇ" ಎಂದು ಬಿಕ್ಕಿದಳು. ಮೂಗು ಹೋದದ್ದು ನನ್ನದು, ಬೆನ್ನು ಸವರಿ ಸಮಾಧಾನ ಮಾಡಬೇಕಾದವಳೂ ನಾನೇ. ಕೊನೆಗೆ ಕರವಸ್ತ್ರವನ್ನೂ ನಾನೇ ಕೊಟ್ಟೆ.

ಇಗೋ, ಈಗ ಅವಳು ನಿದ್ದೆಯಿಂದ ಎದ್ದಳು. ಕಣ್ಣು ಊದಿಕೊಂಡಿವೆ, ಆದರೆ ಮುಖದಲ್ಲಿ ಏನೋ ಹಂಚಿಕೆ ಇದೆ. ಚಿಕ್ಕವಳಿದ್ದಾಗಲೂ ಹೀಗೇ, ಅಳು ಮುಗಿದ ಮೇಲೆ ಯಾವುದಾದರೂ ಕಿತಾಪತಿ ಗ್ಯಾರಂಟಿ.

ಮಾರ್ಚ್ ೧೪, ಶನಿವಾರ, ಸಂಜೆ

ವಾಸನೆ: ಏನೂ ಇಲ್ಲ. ತಂಗಿಗೆ ಬಂತು, ಅದರ ವರದಿ ಕೆಳಗಿದೆ.

"ಇವತ್ತಿಂದ ನಿನ್ನ ಮೂಗು ನಾನು" ಎಂದು ಬೆಳಿಗ್ಗೆಯೇ ಘೋಷಿಸಿದಳು. ಪಾಪ, ಹುಟ್ಟಿದಾಗಿನಿಂದ ತಟ್ಟೆಯಲ್ಲಿ ಏನಿದೆ ಎಂದು ನೋಡದೆ ತಿಂದವಳು ಅವಳು. ಮಧ್ಯಾಹ್ನ ಒಂದು ಸಣ್ಣ ಹೋಟೆಲಿನಲ್ಲಿ ಸೂಪ್ ಬಂತು. ಅವಳು ಮೂಗನ್ನು ಬಟ್ಟಲಿಗೆ ಅದ್ದುವಷ್ಟು ಬಗ್ಗಿ, ಗಂಭೀರವಾಗಿ "ಚೆನ್ನಾಗಿದೆ" ಎಂದಳು.

"ಚೆನ್ನಾಗಿದೆ ಅನ್ನೋದು ವಾಸನೆ ಅಲ್ಲ."

"ಬೆಚ್ಚಗಿದೆ."

"ಅದು ನಂಗೂ ಗೊತ್ತಾಗುತ್ತೆ ಮಹಾತಾಯಿ. ನೆನಪು ಮಾಡ್ಕೋ. ಹಿಂದೆ ಎಲ್ಲಿ ಈ ವಾಸನೆ ಬಂದಿತ್ತು?"

ಅವಳು ಮತ್ತೆ ಬಟ್ಟಲಿಗೆ ಬಗ್ಗಿದಳು. "ನಮ್ಮ ಸ್ಕೂಲಲ್ಲಿ ಸೌದೆ ಕೂಡಿ ಹಾಕ್ತಿದ್ದ ಕೋಣೆ ಇತ್ತಲ್ಲ. ಮಳೆ ಬಂದ ಮಾರನೇ ದಿನ ಬಾಗಿಲು ತೆಗೆದ್ರೆ ಹೀಗೇ ಇರೋದು."

"ಅಣಬೆ!" ಎಂದೆ.

ಹೋಟೆಲಿನವನನ್ನು ಕರೆದು ಕೇಳಿದಳು. ಅಣಬೆಯೇ. ಅರೆದು ಹಾಕಿದ್ದರಂತೆ, ಕಣ್ಣಿಗೆ ಕಾಣುತ್ತಿರಲಿಲ್ಲ. ತಂಗಿ ಮೇಜು ಗುದ್ದಿದ ರಭಸಕ್ಕೆ ಸೂಪ್ ಚೆಲ್ಲಿತು. ಆಮೇಲೆ ಅದೇ ಆಟ. ಕೇಕಿಗೆ "ಹೊಸ ಪೆನ್ಸಿಲ್ ಕೆತ್ತಿದಾಗ ಬರುತ್ತಲ್ಲ, ಅದರ ಜೊತೆ ಸಕ್ಕರೆ" ಎಂದಳು. ಚಕ್ಕೆ ಎಂದೆ. ಅದೂ ಸರಿಯಾಯಿತು. ಇನ್ನೊಂದಕ್ಕೆ "ಅಪ್ಪನ ಹಳೇ ಬೆಲ್ಟು" ಎಂದಳು. ಅದು ಏನೆಂದು ಇನ್ನೂ ಗೊತ್ತಾಗಿಲ್ಲ, ಆದರೆ ನಕ್ಕು ನಕ್ಕು ಪಕ್ಕೆ ಹಿಡಿಯಿತು. ನಾಲಿಗೆಗೆ ಏನೂ ಹತ್ತದಿದ್ದರೂ ಇಡೀ ತಟ್ಟೆ ಖಾಲಿ ಮಾಡಿದ್ದೆ. ಯಾವಾಗ ಮಾಡಿದೆನೋ.

ಆಮೇಲೆ ಆ ಸಭಾಂಗಣ. ಇದನ್ನು ಹೇಗೆ ಬರೆಯಲಿ?

ಶನಿವಾರ ಮಧ್ಯಾಹ್ನ ಅಲ್ಲಿ ವಾದ್ಯದವರು ಅಭ್ಯಾಸ ಮಾಡುತ್ತಾರೆ, ಯಾರು ಬೇಕಾದರೂ ಹೋಗಿ ಹಿಂದೆ ಕೂರಬಹುದು. ಒಳಗೆ ಹೋದಾಗ ಒಂದೇ ಗದ್ದಲ. ಒಬ್ಬ ತಂತಿ ತಿರುವುತ್ತಿದ್ದಾನೆ, ಒಬ್ಬಳು ಕೊಳಲು ಊದುತ್ತಿದ್ದಾಳೆ, ಮೂಲೆಯಲ್ಲಿ ನಗಾರಿಯವನು ಚರ್ಮದ ಮೇಲೆ ಕಿವಿಯಿಟ್ಟು ಬೆರಳಿನಿಂದ ತಟ್ಟುತ್ತಿದ್ದಾನೆ. ಇದೇನು ಸಂಗೀತ, ಊಟಕ್ಕೆ ಮೊದಲು ನಮ್ಮ ಅಡುಗೆಮನೆಯಲ್ಲಿ ಆಗುವ ರಂಪ ಇದು ಎಂದುಕೊಂಡೆ. ಅಷ್ಟರಲ್ಲಿ ಯಾರೋ ಒಂದು ಸ್ವರ ಹಿಡಿದರು. ಒಬ್ಬೊಬ್ಬರಾಗಿ ಎಲ್ಲರೂ ಅದರ ಹತ್ತಿರಕ್ಕೆ ಬಂದರು. ಸ್ವಲ್ಪ ಮೇಲೆ ಇದ್ದವರು ಇಳಿದರು, ಕೆಳಗಿದ್ದವರು ಏರಿದರು, ಆಮೇಲೆ ಅಷ್ಟು ಜನರೂ ಒಂದೇ ಕಡೆ ಬಂದು ನಿಂತರು. ಕುರ್ಚಿ, ನೆಲ, ನನ್ನ ಪಕ್ಕೆಲುಬು ಎಲ್ಲವೂ ಗುಂಯ್‌ಗುಟ್ಟಿದವು. ಮೈಮೇಲೆ ಮುಳ್ಳೆದ್ದವು. ಅವರು ಇನ್ನೂ ಶುರುವೇ ಮಾಡಿರಲಿಲ್ಲ!

"ಅಕ್ಕಾ, ಬಾಯಿ ಮುಚ್ಚು, ನೊಣ ಹೋಗುತ್ತೆ" ಎಂದಳು ತಂಗಿ.

ನಡೆಸುವವರು ಒಬ್ಬ ಕುಳ್ಳನೆಯ ಹೆಂಗಸು, ಕೈಯಲ್ಲಿ ಸಣ್ಣ ಕೋಲು. ಕಡಲು ಉಕ್ಕಿದಂತೆ ಎಲ್ಲರೂ ನುಡಿಸುತ್ತಿರುವಾಗ ಆಕೆ ಕೈಯೆತ್ತಿ ನಿಲ್ಲಿಸಿ, ಹಿಂದಿನ ಸಾಲಿನ ಒಬ್ಬನಿಗೆ, "ನೀವು ಸ್ವಲ್ಪ ಅವಸರ ಮಾಡಿದ್ರಿ" ಎಂದರು. ಅವನು ನಾಚಿ ತಲೆ ತಗ್ಗಿಸಿದ. ಅಷ್ಟು ಸದ್ದಿನೊಳಗಿಂದ ಆ ಒಂದು ತಂತಿಯನ್ನು ಆಕೆ ಹೇಗೆ ಹೆಕ್ಕಿದರು? ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡೆ. ಮುಂದಿನ ಸಲ ಅದೇ ಜಾಗ ಬಂದಾಗ ಕಣ್ಣು ಮುಚ್ಚಿ ಹುಡುಕಿದೆ. ಸಿಕ್ಕಲಿಲ್ಲ. ಮೂರನೆಯ ಸಲ ಸಿಕ್ಕಿತು! ಎಲ್ಲದರ ಅಡಿಯಲ್ಲಿ, ತೆಳ್ಳಗೆ, ಅವನ ತಂತಿ. ಕಣ್ಣಲ್ಲಿ ನೀರು ಬಂತು. ಯಾಕೆಂದು ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇಲ್ಲ. ಇಂಥದ್ದು ಈ ಲೋಕದಲ್ಲಿ ವಾರವಾರವೂ ನಡೆಯುತ್ತಿದೆ, ನಾನು ಇಷ್ಟು ವರ್ಷ ಬೇಳೆ ಬೇಯಿಸುತ್ತಾ ಕೂತಿದ್ದೆ.

ಮಾರ್ಚ್ ೧೫, ಭಾನುವಾರ

ಈ ಊರಿನವರು ನಿದ್ದೆ ಮಾಡುತ್ತಾರೋ ಇಲ್ಲವೋ. ಬೆಳಿಗ್ಗೆ ಏಳುವ ಹೊತ್ತಿಗೆ ಬೇಕರಿಯವರು ಬ್ರೆಡ್ಡಿನ ತಳವನ್ನು ಬೆರಳಿನಿಂದ ತಟ್ಟುವುದು ಮೇಲಿನವರೆಗೆ ಕೇಳಿಸುತ್ತಿತ್ತು. ಟೊಕ್ ಟೊಕ್ ಎಂದರೆ ಬೆಂದಿದೆ, ಡಬ್ ಎಂದರೆ ಒಳಗೆ ಇನ್ನೂ ಹಿಟ್ಟು. ಒಂದನ್ನು ವಾಪಸು ಒಲೆಗೆ ಹಾಕಬೇಕಾಗಿತ್ತು, ಹಾಕಲಿಲ್ಲ. ತಿಂಡಿಗೆ ಕೆಳಗೆ ಹೋದಾಗ ಅವರಿಗೆ ಹೇಳಿದೆ. ಕತ್ತರಿಸಿ ನೋಡಿ ತಲೆ ಕೆರೆದುಕೊಂಡರು.

ಇವತ್ತೆಲ್ಲಾ ಅಂಗಡಿ ಬೀದಿಯಲ್ಲೇ ಕಳೆದೆವು. ಗಡಿಯಾರದ ಅಂಗಡಿಯೊಂದರಲ್ಲಿ ಗೋಡೆಯ ತುಂಬ ಗಡಿಯಾರಗಳು, ಯಾವುದೂ ಇನ್ನೊಂದರ ಮಾತು ಕೇಳುವುದಿಲ್ಲ. ಗಂಟೆ ಹೊಡೆಯುವಾಗ ಒಳಗಿದ್ದೆವು. ಒಂದು ಶುರುಮಾಡಿತು, ಇನ್ನೊಂದು ಅದರ ಬಾಲ ಹಿಡಿಯಿತು, ಆಮೇಲೆ ನೂರೆಂಟು ದನಿಗಳು ಮೈಮೇಲೆ ಬಿದ್ದವು. ತಂಗಿ ಕಿವಿ ಮುಚ್ಚಿಕೊಂಡಳು. ನಾನು ಮಾತ್ರ ಇನ್ನೊಂದು ಗಂಟೆ ಕಾದು ಮತ್ತೆ ಕೇಳಿಕೊಂಡು ಹೋಗೋಣ ಎಂದೆ. "ನಿಂಗೆ ಹುಚ್ಚು" ಎಂದಳು, ಕಾದಳು.

ಪಾತ್ರೆಗಳ ಓಣಿಯಲ್ಲಿ ಒಂದು ಬಾಣಲೆ ಕೊಂಡೆ. ದೊಡ್ಡದು. ಸಾಲಾಗಿ ಇಟ್ಟಿದ್ದವನ್ನೆಲ್ಲಾ ಉಗುರಿನಿಂದ ತಟ್ಟುತ್ತಾ ಹೋದೆ. ಹೆಚ್ಚಿನವು ಕೆಮ್ಮಿದವು, ಒಂದು ಸರಿಯಾಗಿ ಹಾಡಿತು, ಅದರ ತಳ ಎಲ್ಲಾ ಕಡೆ ಒಂದೇ ದಪ್ಪ ಎಂದು ಅರ್ಥ. ತಂಗಿ ಅದನ್ನು ಎತ್ತಿ ನೋಡಿ ಸೊಂಟ ಹಿಡಿದುಕೊಂಡಳು.

"ಕೆಲಸ ಬಿಡೋಳಿಗೆ ಹಾಸ್ಟೆಲ್ ಅಳತೆಯ ಬಾಣಲೆ ಯಾಕೆ ತಾಯಿ? ಇದ್ರಲ್ಲಿ ನೀನು ಸ್ನಾನ ಮಾಡ್ತೀಯಾ?"

"ಚೆನ್ನಾಗಿತ್ತು, ತಗೊಂಡೆ. ನಿನ್ನ ಹತ್ರ ಕನ್ನಡಕ ಎಷ್ಟಿದೆ? ನಾನು ಯಾವತ್ತಾದ್ರೂ ಕೇಳಿದೀನಾ?"

ಸಂಜೆ ಮೀನು ಕರಿಯುವವನ ಗಾಡಿಯ ಹತ್ತಿರ ನಿಂತಿದ್ದೆವು. ಎದುರು ರಸ್ತೆಯ ಮೂಲೆಯಲ್ಲಿ ನಾಲ್ಕು ಜನ ವಾದ್ಯ ನುಡಿಸುತ್ತಿದ್ದರು, ಜನ ಸುತ್ತ ನಿಂತು ಹೆಜ್ಜೆ ಹಾಕುತ್ತಿದ್ದರು. ಬಾಣಲೆ ಹೊತ್ತುಕೊಂಡಿದ್ದರಿಂದ ನಾನು ಕುಣಿಯಲಿಲ್ಲ ಅಷ್ಟೆ. ಗಾಡಿಗೆ ಬೆನ್ನು ಮಾಡಿ ಅವರನ್ನೇ ನೋಡುತ್ತಾ ನಿಂತವಳು, "ಈಗ ತಿರುವಿ ಹಾಕಿ" ಎಂದೆ.

"ಏನಮ್ಮಾ?" ಎಂದ ಮೀನಿನವನು. ಗಿರಾಕಿಯ ಜೊತೆ ಹರಟೆಯಲ್ಲಿದ್ದ.

"ಮೀನು. ತಿರುವಿ, ಇಲ್ದಿದ್ರೆ ಸೀಯುತ್ತೆ."

ತಿರುವಿದ. ಹೊಂಬಣ್ಣಕ್ಕೆ ಬಂದಿತ್ತಂತೆ. "ಆ ಕಡೆ ಮುಖ ಮಾಡಿ ನಿಂತಿದ್ರಲ್ಲ, ಹೇಗೆ ಗೊತ್ತಾಯ್ತು?" ಎಂದು ಕೇಳಿದ. ಇದರಲ್ಲಿ ಗೊತ್ತಾಗದಿರುವುದು ಏನಿದೆ? ಮೀನಿನಲ್ಲಿ ನೀರು ಇರುವವರೆಗೆ ಎಣ್ಣೆ ಚಟಪಟ ಎಂದು ಜಗಳವಾಡುತ್ತದೆ. ನೀರು ಮುಗಿದಾಗ ದನಿ ತಗ್ಗಿಸಿ ಸುಸ್ ಎನ್ನುತ್ತದೆ. ಆಗ ತಿರುವಬೇಕು. ಕಿವಿ ಇದ್ದವರಿಗೆ ಯಾರಿಗಾದರೂ ಕೇಳಿಸುತ್ತದೆ. ಅವನಿಗೆ ಹಾಗೇ ಹೇಳಿದೆ. ತಂಗಿ ಬಾಯಿಯ ಹತ್ತಿರ ತಂದ ತುಂಡನ್ನು ಅಲ್ಲೇ ಹಿಡಿದುಕೊಂಡು ನನ್ನನ್ನು ವಿಚಿತ್ರವಾಗಿ ನೋಡಿದಳು. "ಏನೇ?" ಎಂದರೆ "ಏನಿಲ್ಲ" ಎಂದಳು. ಆಮೇಲೆ ಕೋಣೆಗೆ ಬರುವವರೆಗೂ ಒಬ್ಬಳೇ ನಗುತ್ತಿದ್ದಳು.

ಮೀನು ಹೇಗಿತ್ತು ಎಂದು ಅವಳನ್ನು ಕೇಳಿದೆ. "ನಿಂಬೆ ಸಿಪ್ಪೆ" ಎಂದಳು ಕಳ್ಳಿ.

ಬರುವಾಗ ಸೇತುವೆಯ ಮೇಲೆ ಸ್ವಲ್ಪ ಹೊತ್ತು ನಿಂತೆವು. ಕೆಳಗೆ ನೀರು, ಎರಡೂ ದಡದಲ್ಲಿ ದೀಪ, ಇಡೀ ಊರು ಒಂದೇ ಉಸಿರಿನಲ್ಲಿ ಗುನುಗುತ್ತಿತ್ತು. ಗಾಡಿ, ಜನ, ಯಾರೋ ತೊಳೆಯುವ ತಟ್ಟೆ, ಯಾರದೋ ಹಾಡು. ಹದವಾಗಿ ಕುದಿಯುವ ಪಾತ್ರೆಯ ಹಾಗೆ. ಇನ್ನೂ ಸ್ವಲ್ಪ ಹೊತ್ತು, ಇನ್ನೂ ಸ್ವಲ್ಪ ಹೊತ್ತು ಎಂದು ಅಲ್ಲೇ ನಿಂತೆ. ಇಷ್ಟು ದೊಡ್ಡದೊಂದು ಇದೆ ಎಂದು ತಿಳಿಯದೆ ಸತ್ತಿದ್ದರೆ ಎಷ್ಟು ನಷ್ಟವಾಗುತ್ತಿತ್ತು.

ಮಾರ್ಚ್ ೧೬, ಸೋಮವಾರ

ರೈಲಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ. ತಂಗಿ ಬಾಣಲೆಯ ಮೇಲೆ ಕಾಲು ಚಾಚಿ ಮಲಗಿದ್ದಾಳೆ. ಬೈಯುತ್ತಾ ಬೈಯುತ್ತಾ ಸ್ಟೇಷನ್ನಿನವರೆಗೆ ಅವಳೇ ಹೊತ್ತಳು.

ಆಗಲೇ ಗಡಿಬಿಡಿಯ ಫೋನು. "ಅಮ್ಮಾ, ಬೇಳೆ ಇಳಿಸ್ಲಾ ಬೇಡ್ವಾ? ಮೂಸಿ ಮೂಸಿ ಮೂಗಲ್ಲಿ ಉರಿ, ಏನೂ ಗೊತ್ತಾಗ್ತಿಲ್ಲ" ಎಂದು ಅಳು ದನಿ.

"ಫೋನನ್ನ ಪಾತ್ರೆ ಹತ್ರ ಹಿಡಿ" ಎಂದೆ. "ಒಳಗೆ ಬೀಳಿಸ್ಬೇಡ."

ಹಿಡಿದಳು. ಪುಳಕ್ ಪುಳಕ್ ಎಂದು ತೆಳ್ಳಗೆ ಕುದಿಯುತ್ತಿತ್ತು, ನೀರು ಬೇರೆ ಬೇಳೆ ಬೇರೆ. ಇನ್ನೂ ಆಗಿಲ್ಲ, ಉರಿ ತಗ್ಗಿಸಿ ಕಾಯಿ, ಗುಳುಕ್ ಎಂದು ದಪ್ಪಗೆ, ನಿಧಾನಕ್ಕೆ ಅಂದಾಗ ಇಳಿಸು ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು. "ಅಂತು ಅಮ್ಮಾ! ಗುಳುಕ್ ಅಂತು!" ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಇಳಿಸು ಎಂದೆ.

ಎದುರು ಸೀಟಿನವರು ನಾನು ಬೇಳೆಯ ಜೊತೆ ಫೋನಿನಲ್ಲಿ ಮಾತನಾಡಿದ್ದನ್ನು ಕಣ್ಣರಳಿಸಿ ನೋಡುತ್ತಿದ್ದಾರೆ. ನೋಡಲಿ.

ನಾಳೆ ವಿಶ್ರಾಂತಿ. ನಾಡಿದ್ದು ವಾರ್ಡನ್. ಅವರಿಗೆ ಹೇಳಬೇಕಾದದ್ದು ಮಾತ್ರ ಅದೇ ಮಾತು. ಬೇಳೆ ಕೇಳಿಸುವುದು ಬೇರೆ, ಕೆಟ್ಟ ಮೀನು ಕೇಳಿಸುವುದಿಲ್ಲ.

ಮಾರ್ಚ್ ೧೮, ಬುಧವಾರ

ವಾರ್ಡನ್ ಬರುವುದು ಹತ್ತರ ಮೇಲೆ. ಅಷ್ಟರವರೆಗೆ ಕೈ ಕಟ್ಟಿ ಕೂರಲಾಗದೆ ಹೊಸ ಬಾಣಲೆಯನ್ನು ಒಲೆಗೇರಿಸಿದೆ. ಈರುಳ್ಳಿ ಹಾಕಿದೆ, ಬೆಳ್ಳುಳ್ಳಿ ಹಾಕಿದೆ. ಬಾಣಲೆ ಸೊಗಸಾಗಿ ಹಾಡಿತು. ಈರುಳ್ಳಿ ಎಲ್ಲಿಗೆ ಬಂತೆಂದು ತಿರುಗಿ ನೋಡದೆ ತರಕಾರಿ ಹೆಚ್ಚುತ್ತಲೇ ಹೇಳುತ್ತಿದ್ದೆ. ಆದರೆ ಬೆಳ್ಳುಳ್ಳಿಯ ಹಸಿ ವಾಸನೆ ಹೋಯಿತೋ ಇಲ್ಲವೋ? ಅದಕ್ಕೆ ದನಿ ಇಲ್ಲ. ಬಗ್ಗಿದೆ. ಏನೂ ಇಲ್ಲ. ಅಡುಗೆಮನೆಯಲ್ಲಿದ್ದವರೆಲ್ಲಾ ಎಂದಿನಂತೆ ನನ್ನ ತಲೆ ಅಲ್ಲಾಡುವುದನ್ನು ಕಾಯುತ್ತಾ ನಿಂತಿದ್ದರು.

ಸೂಪಿನ ಬಟ್ಟಲ ಮೇಲೆ ಬಗ್ಗಿದ್ದ ತಂಗಿಯ ಮುಖ ನೆನಪಾಯಿತೋ ಏನೋ. ಚಮಚ ಅದ್ದಿ ಗಡಿಬಿಡಿಯ ಕಡೆ ಚಾಚಿದೆ.

"ರುಚಿ ನೋಡು."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ನಾನಾ? ಇಲ್ಲೇನಾ?"

"ನೀನೇ. ಇಲ್ಲೇ."

ಬಾಗಿಲ ಕಡೆ ಒಮ್ಮೆ ನೋಡಿ ಚಮಚ ತೆಗೆದುಕೊಂಡಳು. ಬಾಯಿಗಿಟ್ಟುಕೊಂಡು, "ಚೆನ್ನಾಗಿದೆ ಅಮ್ಮಾ" ಎಂದಳು.

"ಚೆನ್ನಾಗಿದೆ ಅನ್ನೋದು ರುಚಿ ಅಲ್ಲ. ನಿಜ ಹೇಳು."

ನೆಲ ನೋಡಿದಳು, ಸೂರು ನೋಡಿದಳು. "ಬೆಳ್ಳುಳ್ಳಿ... ಸ್ವಲ್ಪ ಹಸಿ ಇದೆ."

ಈ ಅಡುಗೆಮನೆಯಲ್ಲಿ ಯಾರಾದರೂ ನನಗೆ ಇಂಥ ಮಾತು ಹೇಳಿದ್ದು ಇದೇ ಮೊದಲು. ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಉರಿ ತಗ್ಗಿಸಿ ಇನ್ನೂ ಸ್ವಲ್ಪ ಹುರಿದೆ. ಹುರಿಯುತ್ತಲೇ ನನ್ನ ಮೂಗಿನ ವಿಷಯ ಹೇಳಿದೆ, ಎಲ್ಲರಿಗೂ ಕೇಳಿಸುವ ಹಾಗೆ. ಯಾರೂ ಹೌಹಾರಲಿಲ್ಲ. ಅದೇ ನನಗೆ ವಿಚಿತ್ರವೆನಿಸಿತು.

"ಅವತ್ತು ಗಂಜಿ ಸೀದಿತ್ತಲ್ಲ, ನಿಂಗೆ ಗೊತ್ತಾಗಿತ್ತಾ?" ಎಂದು ಗಡಿಬಿಡಿಯನ್ನು ಕೇಳಿದೆ.

"ಎಲ್ಲಾರಿಗೂ ಗೊತ್ತಾಗಿತ್ತು ಅಮ್ಮಾ. ಗೇಟಿನವರೆಗೂ ವಾಸನೆ ಹೋಗಿತ್ತು."

"ಮತ್ತೆ ಹುಡುಗೀರು?"

"ಮೇಡಂಗೆ ಇನ್ನೂ ಹುಷಾರಾಗಿಲ್ಲ, ಬೇಜಾರ್ ಮಾಡ್ಕೋತಾರೆ, ಸುಮ್ನೆ ತಿನ್ರೇ ಅಂತ ಒಬ್ರಿಗೊಬ್ರು ಹೇಳ್ಕೊಂಡು ತಿಂದ್ರು."

"ನೀನು ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ವಲ್ಲ ಅಮ್ಮಾ" ಎಂದಳು. "ಯಾವತ್ತೂ ಕೇಳಿಲ್ಲ."

ನಾನು ಬಾಣಲೆಯ ಕಡೆ ತಿರುಗಿ ನಿಂತೆ. ಈರುಳ್ಳಿಯ ಘಾಟು ಕಣ್ಣಿಗೆ ಹೊಡೆಯುತ್ತಿತ್ತು ಎಂದರೆ ಅವರು ನಂಬುತ್ತಾರೆ. ಆ ಸೀದ ಗಂಜಿಯನ್ನು ಅಷ್ಟು ಮಕ್ಕಳು ನನಗೋಸ್ಕರ ತಿಂದಿದ್ದಾರೆ. ಆ ಊರಿನಲ್ಲಿ ಕಂಡದ್ದೆಲ್ಲಾ ದೊಡ್ಡದೇ, ಆದರೆ ಇದಕ್ಕೆ ಸಮ ಯಾವುದೂ ಇರಲಿಲ್ಲ.

ಅಷ್ಟರಲ್ಲಿ ವಾರ್ಡನ್ ಬಾಗಿಲಲ್ಲಿ ನಿಂತು, "ಏನು ತೀರ್ಮಾನ ಮಾಡಿದ್ರಿ?" ಎಂದರು.

"ಸ್ವಲ್ಪ ತಡೀರಿ, ನೀರು ಹಾಕೋ ಹೊತ್ತು, ಸದ್ದು ಬದಲಾಗ್ತಿದೆ" ಎಂದು ಕೈ ಅಡ್ಡ ಹಿಡಿದೆ. ಆಮೇಲೆ ಇನ್ನೊಂದು ಚಮಚ ಅದ್ದಿ ಗಡಿಬಿಡಿಗೆ ಕೊಟ್ಟೆ. ನಾಳೆಯಿಂದ ಮೀನು ಬಂದಾಗ ಮೂಸುವ ಕೆಲಸ ಯಾರದು ಎಂದು ಪಾಳಿ ಹಾಕಬೇಕು, ಒಂದು ಮೂಗಿಗೆ ಬಿಡಬಾರದು, ಎರಡಾದರೂ ಇರಲಿ. ಇದನ್ನೆಲ್ಲಾ ಹೇಳಿ ಮುಗಿಸಿ ತಿರುಗಿದರೆ ವಾರ್ಡನ್ ಅಲ್ಲಿರಲಿಲ್ಲ. ಉತ್ತರ ಸಿಕ್ಕಿತು ಎಂದು ಹೇಳಿ ಹೋದರಂತೆ. ನಾನು ಯಾವ ಉತ್ತರವನ್ನೂ ಕೊಟ್ಟ ನೆನಪಿಲ್ಲ. ನಾಳೆ ಹೋಗಿ ಮಾತಾಡಬೇಕು.

ಡಾಕ್ಟರ ಸಾಲು ಬರೆದು ನಾಲ್ಕು ದಿನವಾಯಿತು. ಮರೆತೇಹೋಗಿತ್ತು.

ವಾಸನೆ: ಏನೂ ಇಲ್ಲ. ಬೆಳ್ಳುಳ್ಳಿ ಸ್ವಲ್ಪ ಹಸಿ ಇತ್ತಂತೆ. ಆಮೇಲೆ ಸರಿಯಾಯಿತಂತೆ.